ನೂರು ಕಂಬಳಿ

ಮಾನ್ವಿಯಿಂದ ಬಂದ ಚೀಲ ಬಿಚ್ಚಿದೊಡನೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಇಪ್ಪತ್ತು ಮುಖದ ಒಂದು ದಾಳ, ರಟ್ಟು ಹರಿದ ಒಂದು ನೋಟ್‌ಬುಕ್ಕು. ಡ್ರಾಯಿಂಗ್ ಸರ್ ತೀರಿಕೊಂಡು ತಿಂಗಳಾಗಿತ್ತು. ಅವರ ಹೆಂಡತಿ ಕಳಿಸಿದ್ದರು.

ರಾಯಚೂರಿನಲ್ಲಿ ಸರ್ ನಮ್ಮ ಪಕ್ಕದ ಮನೆಯಲ್ಲಿದ್ದರು. ಮೂಲ ದೇವದುರ್ಗದ ಕಡೆಯವರು. ನಾನೂ ನನ್ನ ಗೆಳತಿಯೂ ಆಗ ಡಿಗ್ರಿ ಓದುತ್ತಿದ್ದೆವು. ಭಾನುವಾರ ಮಧ್ಯಾಹ್ನ ಜಮಖಾನ ಹಾಸಿ ನಮ್ಮಿಬ್ಬರಿಗೆ ಪಾತ್ರಗಳ ಆಟ ಆಡಿಸುತ್ತಿದ್ದರು. ಸರ್ ಕಥೆ ಹೇಳುವರು, ನಾವು ಅದರೊಳಗಿನ ಪಯಣಿಗರು. ಏನು ಮಾಡುತ್ತೇವೆಂದು ನಾವು ಹೇಳಬೇಕು, ಅದು ಕೈಗೂಡಿತೋ ಇಲ್ಲವೋ ದಾಳ ಹೇಳುತ್ತದೆ. ನಿಯಮಗಳನ್ನೆಲ್ಲ ಸರ್ ಕೈಯಾರೆ ಬರೆದಿದ್ದರು. ನನಗೋ, ಕಥೆಗಿಂತ ನಿಯಮದಲ್ಲಿ ತೂತು ಹುಡುಕುವುದೇ ಖುಷಿ.

ಸಿಕ್ಕಿತು ಒಂದು. ಗುಡ್ಡದ ಮೇಲಿನ ಮಠದಲ್ಲಿ "ಬಾಗಿಲಿಗೆ ಬಂದವರಿಗೆ ಊಟ, ಒಂದು ಕಂಬಳಿ" ಎಂದಿತ್ತು. ಎಷ್ಟು ಸಲ ಎಂದಿರಲಿಲ್ಲ! ನನ್ನ ಪಯಣಿಗ ಹೊರಗೆ ಹೋದ, ಒಳಗೆ ಬಂದ, ಮತ್ತೆ ಹೊರಗೆ ಹೋದ... ಉಗ್ರಾಣದ ನೂರೂ ಕಂಬಳಿಗಳನ್ನು ಸಂತೆಯಲ್ಲಿ ಮಾರಿ ಕುದುರೆ ಕೊಂಡ. ಸರ್ ತಡೆಯಲಿಲ್ಲ, ನೋಟ್‌ಬುಕ್ಕಿನಲ್ಲಿ ಏನೋ ಗೀಚಿಕೊಂಡರು. ನಾನು ಕಾಲರ್ ಏರಿಸಿದ್ದೇ ಏರಿಸಿದ್ದು.

ಮುಂದಿನ ಭಾನುವಾರ ಗೆಳತಿಯ ಪಾತ್ರ, ಒಬ್ಬ ಮುದುಕಿ ವೈದ್ಯೆ, ಮಳೆಯಲ್ಲಿ ತೊಯ್ದು ನಡುಗುತ್ತ ಅದೇ ಮಠ ಮುಟ್ಟಿದಳು. ಕಂಬಳಿ ಇರಲಿಲ್ಲ. ದಾಳವೂ ಕೈಕೊಟ್ಟಿತು. ಎರಡು ವರ್ಷ ಜೀವ ತುಂಬಿ ಆಡಿದ ಪಾತ್ರ ಸತ್ತೇ ಹೋಯಿತು.

"ಕುದುರಿ ಮ್ಯಾಲ ಕುಂತು ನೀನೊಬ್ಬನ ಆಡಕೋ," ಎಂದು ಕಣ್ಣೊರೆಸಿಕೊಂಡು ಎದ್ದುಹೋದವಳು ಮತ್ತೆ ಬರಲಿಲ್ಲ.

ನಾನು ನೋಟ್‌ಬುಕ್ಕನ್ನು ಸರ್ ಮುಂದೆ ಸರಿಸಿದೆ. "ಒಬ್ಬರಿಗೆ ಒಂದ ಅಂತ ಬರೀರಿ ಸರ್," ಎಂದೆ.

"ಹಂಗ ಬರದ್ರ ಬಾಗಲದಾಗ ಎಣಸಾಕ ಒಬ್ಬನ್ನ ನಿಂದರಸಬೇಕಾಗ್ತದ. ನಾ ಮಠದಾಗ ಉಂಡು ಓದಿದಾವ. ಎಷ್ಟ ಸಲ ಬಂದಿ ಅಂತ ನನಗ ಯಾರೂ ಕೇಳಿಲ್ಲಲೇ."

ಜಮಖಾನ ಮಡಚಿದ್ದು ಮತ್ತೆ ಹಾಸಲಿಲ್ಲ. ಸರ್ ಮಾನ್ವಿಗೆ ವರ್ಗವಾದರು. ಒಂದು ತಾಸಿನ ಬಸ್ಸು ಅಷ್ಟೇ. ಹೋಗಿ ತಪ್ಪಾಯಿತು ಎನ್ನಬಹುದಿತ್ತು. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದುಕೊಳ್ಳುತ್ತಲೇ ಹನ್ನೊಂದು ವರ್ಷ ಕಳೆದೆ, ಹೇಡಿ ನಾನು...

ಇವತ್ತು ಮಠದ ಪುಟ ತೆಗೆದೆ. ನಿಯಮ ಹಾಗೇ ಇದೆ, ಒಂದಕ್ಷರ ತಿದ್ದಿಲ್ಲ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಅವತ್ತು ಗೀಚಿದ್ದು, ನನ್ನ ಪಯಣಿಗನ ಬಗ್ಗೆ: "ನೂರು ಕಂಬಳಿ ಒಯ್ದ. ಪಾಪ, ಭಾಳ ಚಳಿ ಇರಬೇಕು."

ಚಳಿ ಅಲ್ಲ ಸರ್, ಸೊಕ್ಕು. ಅದನ್ನು ಹೇಳೋಣವೆಂದರೆ ಈಗ ನೀವಿಲ್ಲ.