ಅಣ್ಣನ ಹಲ್ಲಿನ ಸೆಟ್ಟು

ನಮ್ಮ ಕಡೆ ಎರಡು ಇಂಗ್ಲಿಷ್ ಪದಗಳಿಗೆ ಬಿಡುವೆಂಬುದೇ ಇಲ್ಲ: ಒಂದು ‘ಫಿಕ್ಸ್’, ಇನ್ನೊಂದು ‘ಸೆಟ್’. ರಾಮದುರ್ಗದ ಸಂತೆಯಲ್ಲಿ ಬದನೆಕಾಯಿಗೆ ದರ ಫಿಕ್ಸ್, ಮನೆಯಲ್ಲಿ ನೆಲಕ್ಕೆ ಟೈಲ್ಸ್ ಫಿಕ್ಸ್, ಮಗಳಿಗೆ ವರ ಫಿಕ್ಸ್. ಸೆಟ್ಟಿನ ಬಳಗ ಇನ್ನೂ ದೊಡ್ಡದು: ಹೊಲದಲ್ಲಿ ಪಂಪ್‌ಸೆಟ್, ಹೋಟೆಲಿನಲ್ಲಿ ಸೆಟ್ ದೋಸೆ, ಬೀಗರು ಬಂದಾಗ ಮಾತ್ರ ಕಪಾಟಿನಿಂದ ಇಳಿಯುವ ಚಹಾದ ಸೆಟ್. ಆಯುಷ್ಯವೆಲ್ಲ ಇಂಗ್ಲಿಷ್ ಕಲಿಸಿ ನಿವೃತ್ತನಾದ ನನ್ನ ತಲೆಗೆ ಇವೆರಡರ ಭೇದ ಹೊಕ್ಕಿದ್ದು ಮಾತ್ರ ಅಣ್ಣನ ಹಲ್ಲಿನಿಂದ.

ಕಟಕೋಳದಲ್ಲಿ ಒಕ್ಕಲುತನ ಮಾಡುವ ನಮ್ಮಣ್ಣ ರುದ್ರಪ್ಪ ಹಲ್ಲೆಲ್ಲ ಕೀಳಿಸಿ ಹೊಸ ಸೆಟ್ ಮಾಡಿಸಿದ. ಡಾಕ್ಟರರು ಅರ್ಧ ತಾಸಿನಲ್ಲಿ ಫಿಕ್ಸ್ ಮಾಡಿ, “ಸೆಟ್ ಆಗಾಕ ಟೈಮ್ ಹಿಡಿತೈತ್ರಿ, ಗಡಬಡಿ ಮಾಡಬ್ಯಾಡ್ರಿ” ಎಂದರು. ಫಿಕ್ಸ್ ಎಂಬುದು ಮುಹೂರ್ತ, ಸೆಟ್ ಎಂಬುದು ಸಂಸಾರ. ಮೊದಲನೆಯದಕ್ಕೆ ಗಳಿಗೆ ಸಾಕು, ಎರಡನೆಯದಕ್ಕೆ ಸೈರಣೆ ಬೇಕು. ನನ್ನ ಹೆಂಡತಿಯನ್ನು ಕೇಳಿದರೆ, ನಾನಿನ್ನೂ ಪೂರ್ತಿ ಸೆಟ್ಟಾಗಿಲ್ಲ ಎನ್ನುತ್ತಾಳೆ.

ಅಣ್ಣನಿಗೋ ಸೈರಣೆಗೆ ಸಮಯವಿರಲಿಲ್ಲ. ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಅಂದು ಬೆಳೆದುನಿಂತ ಜೋಳದ ನಡುವೆ ಭೂತಾಯಿಗೆ ಎಡೆ ಚೆಲ್ಲುತ್ತ ಮನೆಯ ಹಿರಿಯ ‘ಹುಲ್ಲುಲ್ಲಿಗೋ’ ಎಂದು ಹೊಲದ ತುಂಬ ಕೂಗಬೇಕು, ಅದೇ ಚರಗ. ಅಪ್ಪನ ನಂತರ ಆ ಕೂಗು ಅಣ್ಣನದೇ. ಆದರೆ ಹಲ್ಲು ಹೋದಾಗಿನಿಂದ ಅವನು ಮಂದಿಯೆದುರು ಬಾಯಿ ಬಿಡುವುದನ್ನೇ ಬಿಟ್ಟಿದ್ದ.

“ಈ ಸಲ ನೀನ ಕೂಗಪಾ. ನನ್ನ ಬಾಯಾಗ ಬರೇ ಗಾಳಿ ಬರತೈತಿ, ಮಂದಿ ನಗತಾರ” ಎಂದ.

“ನಂದು ಪಾಠ ಹೇಳೂ ದನಿ, ಅಣ್ಣಾ. ಭೂತಾಯಿ ಆಕಳಿಸತಾಳ” ಎಂದೆ.

ಅಮಾವಾಸ್ಯೆಯ ದಿನ ಅವನೇ ಹೊಸ ಹಲ್ಲು ಹಾಕಿಕೊಂಡು, ಎಡೆಯ ಬುಟ್ಟಿ ಹಿಡಿದು ಮುಂದೆ ನಡೆದ. ಬಾಯಿ ತೆರೆದರೆ ದನಿಗಿಂತ ಮೊದಲು ಹಲ್ಲು ಕಟಕಟ ಎಂದವು. ಮತ್ತೆ ಯತ್ನಿಸಿದ; ಮೇಲಿನ ಸಾಲು ಜಾರಿತು. ಪಕ್ಕದ ಹೊಲದ ಇಮಾಮಸಾಬ ಕೆಲಸ ಬಿಟ್ಟು ನೋಡುತ್ತಿದ್ದ. ಅಣ್ಣನ ಮುಖ ಕೆಂಪೇರಿತು. ಹಲ್ಲು ತೆಗೆದು, “ಹಿಡಕೋ” ಎಂದು ಹಿಂದೆಯೇ ಬರುತ್ತಿದ್ದ ಅತ್ತಿಗೆಯ ಕೈಗೆ ಕೊಟ್ಟು, ಎದೆ ತುಂಬಿಕೊಂಡು ಕೂಗಿದ. ಅಕ್ಷರಗಳೆಲ್ಲ ನುಣ್ಣಗಾಗಿದ್ದವು, ದನಿ ಮಾತ್ರ ಥೇಟ್ ಅಪ್ಪನದು. ತೆನೆಯ ಮೇಲಿನ ಹಕ್ಕಿಗಳು ಎದ್ದು ಹಾರಿದವು. ನನ್ನ ಕಣ್ಣು ತುಂಬಿದವು.

“ಇದ ನೋಡ್ರಿ ರುದ್ರಪ್ಪನವರ ದನಿ!” ಎಂದ ಇಮಾಮಸಾಬ, ಅಲ್ಲಿಂದಲೇ.

“ದನಿ ಕೇಳಿದ್ರ ಹೊಟ್ಟಿ ತುಂಬತೈತೇನೋ? ಊಟಕ್ಕ ಬಾ!” ಎಂದು ಕರೆದ ಅಣ್ಣ, ಇಷ್ಟು ದಿನ ತಡೆದಿಟ್ಟ ನಗುವನ್ನೆಲ್ಲ ಬೋಳು ಬಾಯಿ ತುಂಬ ನಕ್ಕುಬಿಟ್ಟ.