ಗಂಡಿನ ಕಡೆಯ ಮೇಳಕ್ಕೆ ಹೆಣ್ಣಿನ ಕಡೆಯ ಇನಾಮು

ಕೊರೊನಾ ಕಳೆದು ಮದುವೆಗಳು ಮತ್ತೆ ದೊಡ್ಡದಾಗಿ ನಡೆಯತೊಡಗಿದ್ದ ವರ್ಷ. ತಮಿಳುನಾಡಿನ ಧರ್ಮಪುರಿಯಲ್ಲಿ ನಾನು ಮದುವೆ ಏರ್ಪಾಡಿನ ಕೆಲಸ ಮಾಡುತ್ತಿದ್ದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಓದಿದವನು, ಯಾವುದನ್ನೂ ಸುಲಭಕ್ಕೆ ನಂಬುವವನಲ್ಲ. ಆದರೂ ಖರ್ಚು ಮೊದಲೇ ಗೊತ್ತಿದ್ದರೆ ಜಗಳ ಆಗುವುದಿಲ್ಲ ಎಂಬುದನ್ನು ನಂಬಿದ್ದೆ.

ನಲ್ಲಂಪಳ್ಳಿಯ ರೈತ ಮಲ್ಲೇಗೌಡರ ಮಗಳ ಮದುವೆ. ಟಿಪ್ಸ್, ನಮ್ಮವರು ಇನಾಮು ಎನ್ನುವುದು, ಬಜೆಟ್‌ನಲ್ಲಿ ಯಾರೂ ಸೇರಿಸದ ಖರ್ಚು. ಬಡಿಸುವವರು, ವ್ಯಾನ್ ಡ್ರೈವರ್, ಫೋಟೋದವರು ಕೊನೆಗೆ ಸುತ್ತ ನಿಂತಾಗ ಹೆಣ್ಣಿನ ತಂದೆ ಜೇಬು ತಡಕುವುದನ್ನು ಬಹಳ ಸಲ ಕಂಡಿದ್ದೆ. ಹಾಗಾಗಿ ಇಪ್ಪತ್ತು ಸಾವಿರ ಬೇರೆ ತೆಗೆದಿಡಿಸಿ ಕವರುಗಳಲ್ಲಿ ಹಾಕಿಸಿದೆ. ನಾದಸ್ವರ, ತವಿಲು ಎಂಬ ಡೋಲಿನ ಮೇಳಕ್ಕೆ ಎರಡು ಸಾವಿರ. ಅದನ್ನು ತಾಳಿಗೆ ಮೊದಲೇ ಕೊಡಿ, ಮನಸ್ಸಿಟ್ಟು ಬಾರಿಸುತ್ತಾರೆ ಎಂದೂ ಹೇಳಿದೆ.

ಮೇಳವನ್ನು ಕರೆತಂದವರು ತಾರಮಂಗಲಂನ ಗಂಡಿನ ಕಡೆಯವರು. ಅದು ನನಗೆ ಗೊತ್ತಿತ್ತು; ಅದರಿಂದ ಏನಾಗಬಹುದು ಎಂಬುದು ಹೊಳೆದಿರಲಿಲ್ಲ. ಮಲ್ಲೇಗೌಡರು ಕವರು ಕೊಟ್ಟದ್ದನ್ನು ಗಂಡಿನ ತಂದೆ ಸಿದ್ದೇಗೌಡರು ಕಂಡರು.

"ಏನ್ ಬೀಗ್ರೆ, ನಾವ್ ಕರ್ಕೊಂಬಂದ ಮೇಳಕ್ಕೆ ನೀವ್ ಇನಾಮ್ ಕೊಡಾದಾ? ನಮ್ ಕೈಯಾಗೆ ಕಾಸಿಲ್ಲ ಅಂತ ಊರಿಗೆಲ್ಲ ತೋರಿಸ್ತೀರಾ?"

"ಸಂತೋಷಕ್ ಕೊಟ್ಟಿದ್ದು, ಬೀಗ್ರೆ," ಎಂದರು ಮಲ್ಲೇಗೌಡರು.

"ವಾಪಸ್ ಇಸ್ಕೊಳಿ. ಆಮ್ಯಾಲೆ ತಾಳಿ."

ಮೇಳ ನಿಂತಿತು. ನಾದಸ್ವರದ ಹಿರಿಯರು ಕವರು ಹಿಡಿದು ಕೂತೇ ಇದ್ದರು. ಇಟ್ಟುಕೊಂಡರೆ ಕರೆತಂದವರಿಗೆ ಅವಮಾನ, ಮರಳಿಸಿದರೆ ಹೆಣ್ಣಿನ ಮನೆಗೆ. "ಪೆರಿಯವಂಗ ಪೇಸಿ ಮುಡಿವು ಪಣ್ಣುಂಗ," ದೊಡ್ಡವರು ಮಾತಾಡಿ ತೀರ್ಮಾನಿಸಿ, ಎಂದರು. ಪುರೋಹಿತರು ಗಡಿಯಾರ ನೋಡುತ್ತಿದ್ದರು. ಹಸೆಮಣೆಯ ಮೇಲೆ ಹುಡುಗಿ ತಲೆ ಎತ್ತಲಿಲ್ಲ. ಮುಹೂರ್ತ ತಪ್ಪಿದರೆ ಆ ಮಾತನ್ನು ಅವಳು ಬದುಕಿಡೀ ಕೇಳಬೇಕು. ಮೇಳದ ಬಿಲ್ಲಿಗೇ ಸೇರಿಸೋಣ ಎಂದು ಏನೋ ತೊದಲಿದೆ, ಯಾರೂ ಕಿವಿಗೊಡಲಿಲ್ಲ.

ಆಗ ಗಂಡಿನ ಅಜ್ಜಿ, ಸಿದ್ದೇಗೌಡರ ತಾಯಿ, ಎದ್ದು ಬಂದರು.

"ಲೇ ಸಿದ್ದಾ, ಎಣ್ಣು ಕೊಟ್ರೆ ಕೈ ಚಾಚಿ ಇಸ್ಕೊಂತೀಯ, ಕವರ್ ಕೊಟ್ರೆ ಮಾನ ಓಗ್ತೈತಾ? ನೀನೂ ಒಂದ್ ಇಡು, ಓಗ್ಲಾ!"

ಅಜ್ಜಿಯ ಮಾತೆಂದೇ ನನ್ನ ನೆನಪು. ಆಡಿದ್ದು ತಮ್ಮ ಹೆಂಡತಿ ಎನ್ನುತ್ತಾರೆ ಮಲ್ಲೇಗೌಡರು. ಬೀಗರನ್ನು ಆಕೆ "ಲೇ ಸಿದ್ದಾ" ಎನ್ನುವುದುಂಟೆ? ಆದರೆ ಆ ಎರಡು ಪದಗಳನ್ನು ನಾನೇ ಆಮೇಲೆ ಸೇರಿಸಿಕೊಂಡಿದ್ದರೆ? ವಿಡಿಯೋ ಹಾಕಿ ನೋಡಿದೆ. ಕ್ಯಾಮೆರಾ ಹೂವಿನ ಅಲಂಕಾರದ ಕಡೆಗಿದೆ. ಕೇಳುವುದು ಜನರ ನಗು ಮಾತ್ರ.

ಸಿದ್ದೇಗೌಡರೂ ನಕ್ಕರು. ವೀಳ್ಯದೆಲೆಯ ತಟ್ಟೆ ತರಿಸಿ, ಹಿರಿಯರ ಕೈಯಲ್ಲಿದ್ದ ಕವರನ್ನು ಅದರಲ್ಲಿಡಿಸಿ, ಪಕ್ಕದಲ್ಲಿ ತಮ್ಮ ಹಣ ಇಟ್ಟರು. ಇಬ್ಬರು ಬೀಗರೂ ತಟ್ಟೆ ಹಿಡಿದು ಮೇಳದವರಿಗೆ ಕೊಟ್ಟರು. ಮುಹೂರ್ತ ಮೀರುವ ಮೊದಲೇ ತಾಳಿ ಕಟ್ಟಿದ್ದಾಯಿತು.

ಈಗ ಇನಾಮು ಎಷ್ಟು ಎಂದು ಹೇಳುವ ಮೊದಲು ಎರಡೂ ಮನೆಯವರನ್ನು ಒಟ್ಟಿಗೆ ಕೂರಿಸಿ, ಯಾರು ಯಾರನ್ನು ಕರೆತರುತ್ತಾರೆ, ಯಾರ ಕೈಯಿಂದ ಕೊಡಿಸಬೇಕು ಎಂದು ಕೇಳುತ್ತೇನೆ. ಕರೆತಂದವರದೇ ಮೊದಲ ಹಕ್ಕು. ಉಳಿದವರು ಅವರನ್ನು ಕೇಳಿ ಕೊಡಬೇಕು. ಆದರೂ ಕೇಳಬೇಕಾದ್ದೇನೋ ಬಿಟ್ಟಿದ್ದೇನೆ ಎಂಬ ಅಳುಕು ಪ್ರತಿ ಮದುವೆಯಲ್ಲೂ ಇರುತ್ತದೆ, ತಾಳಿ ಕಟ್ಟುವಾಗ ತವಿಲು ಮೊಳಗುವವರೆಗೂ.