ತಗಡಿನ ರೈಲು

ನಮ್ಮ ಯಜಮಾನರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ನಾಟಕಗಳಿಗೆ ಬೆಳಕು ಹಾಕುವುದು ಅವರ ಕೆಲಸ. ತಂಡದವರೆಲ್ಲ ಸ್ವಿಚ್ ಮಾವ ಎನ್ನುತ್ತಿದ್ದರು. ಮನೆಯಲ್ಲಿ ಬಲ್ಬು ಹೋದರೆ ಮಾತ್ರ ವಾರಗಟ್ಟಲೆ ಕೈ ಹಚ್ಚುತ್ತಿರಲಿಲ್ಲ. ಕೇಳಿದರೆ, "ಇಲ್ಲಿ ಯಾರು ಟಿಕೆಟ್ ತಗೊಂಡಿದಾರೆ?" ಎನ್ನುತ್ತಿದ್ದರು.

ಅವರಿಗೆ ಹೆಸರು ತಂದದ್ದು ರೈಲು. ಆ ನಾಟಕದಲ್ಲಿ ಒಬ್ಬಳು ತವರು ಬಿಟ್ಟು ದೂರ ಹೋಗುತ್ತಾಳೆ. ವೇದಿಕೆಯ ಮೇಲೆ ಇರುವುದು ಒಂದು ಬೆಂಚು ಅಷ್ಟೇ. ಅವಳು ಅದರ ಮೇಲೆ ಅಲ್ಲಾಡದೆ ಕೂರಬೇಕು. ಯಜಮಾನರು ದೊಡ್ಡ ಎಣ್ಣೆ ಡಬ್ಬದ ಸುತ್ತ ಕಿಟಕಿಗಳ ಹಾಗೆ ತಗಡು ಕತ್ತರಿಸಿ, ಒಳಗೆ ದೀಪವಿಟ್ಟು, ಪಕ್ಕದ ಮರೆಯಲ್ಲಿ ನಿಂತು ಹಿಡಿ ತಿರುಗಿಸುತ್ತಿದ್ದರು. ಬೆಳಕಿನ ತುಂಡುಗಳು ಅವಳ ಮುಖದ ಮೇಲೆ, ಹಿಂದಿನ ಪರದೆಯ ಮೇಲೆ ಒಂದರ ಹಿಂದೊಂದು ಓಡುತ್ತಿದ್ದವು. ಬೆಂಚು ಹೊರಟೇ ಹೋಯಿತು ಅನ್ನಿಸುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಮುಂದಿನ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಆಮೇಲೆ ಅವರ ಕೈ ನಡುಗತೊಡಗಿತು. ಚಹಾ ಚೆಲ್ಲಿದ್ದಕ್ಕೆ ಅವರಿಗೆ ಬೇಜಾರಿರಲಿಲ್ಲ. ಒಂದು ಪ್ರದರ್ಶನದಲ್ಲಿ ರೈಲು ಮುಗ್ಗರಿಸಿತು, ಅದಕ್ಕೆ. ಜನ ನಕ್ಕರು. ಜನ ಅಳಬೇಕಾದ ಜಾಗ ಅದು.

ನಿರ್ದೇಶಕ ಮನೆಗೆ ಬಂದ. ಕೆಟ್ಟವನಲ್ಲ.

"ಮಾವ, ಮುಂದಿನ ಶೋಗೆ ರೈಲು ಬೇಡ. ಬರೀ ಸದ್ದು ಹಾಕ್ಕೋತೀವಿ."

"ಕತ್ತಲಲ್ಲಿ ಕೂತವಳನ್ನ ನೋಡಿ ಜನ ಏನಂದ್ಕೋಬೇಕು? ಕರೆಂಟ್ ಹೋಯ್ತು ಅಂತಾನಾ?"

"ಬೇರೆಯವರ ಕೈಗೆ ಕೊಡಿ ಅಂದ್ರೆ ಕೊಡಲ್ಲ ನೀವು."

"ಕೊಟ್ಟು ನೋಡಿದೆನಲ್ಲಪ್ಪ. ಎಲ್ರೂ ಬಾವಿ ನೀರು ಸೇದೋ ಹಾಗೆ ಸೇದಿದ್ರು."

ಅವನು ಹೋದ ಮೇಲೆ ಊಟಕ್ಕೆ ಕೂತರು. ತಟ್ಟೆ ಪಕ್ಕಕ್ಕೆ ಸರಿಸಿದರು. ನಾನು ಹೊಲಿಗೆಯವಳು, ಎದ್ದು ಮೆಷಿನ್ನಿಗೆ ಕೂತೆ. ಕಾಲಲ್ಲಿ ತುಳಿಯುವಂಥದ್ದು. ಚಕ್ರ ಒಂದೇ ಸಮ ತಿರುಗುತ್ತಿತ್ತು. ನೋಡಿ ನಿಲ್ಲಿಸಿದೆ.

"ರೀ, ಇದಕ್ಕೇ ಡಬ್ಬ ಕಟ್ಟಿದ್ರೆ?"

ಅವರು ನನ್ನ ಮುಖ ನೋಡಲಿಲ್ಲ. ಚಕ್ರ ನೋಡಿದರು. "ನಿನ್ನ ಬೆಲ್ಟು ಉದ್ದ ಸಾಲಲ್ಲ," ಎಂದರು. ಒಪ್ಪಿದರು ಎಂದರ್ಥ.

ಮೆಷಿನ್ನಿನ ತಲೆ ಬಿಚ್ಚಿಟ್ಟು, ಕೆಳಗಿನ ಚೌಕಟ್ಟನ್ನು ಕೈಗಾಡಿಗೆ ಹಾಕಿಸಿದೆವು. ನಾದಿನಿ ಬಾಗಿಲಲ್ಲಿ ನಿಂತಿದ್ದಳು.

"ಅತ್ತಿಗೆ, ಇದನ್ನ ಹೊತ್ಕೊಂಡು ಎಲ್ಲಿಗೆ?"

"ರೈಲು ಬಿಡೋಕೆ."

"ರೈಲು ಬಿಡೋದ್ರಲ್ಲಿ ನಮ್ಮಣ್ಣ ಮೊದಲಿಂದಾನೂ ಗಟ್ಟಿಗ. ಈಗ ನೀನೂ ಸೇರ್ಕೊಂಡ್ಯಾ!"

ತಾಲೀಮಿನಲ್ಲಿ ಡಬ್ಬ ಉಲ್ಟಾ ತಿರುಗಿತು. ಬೆಂಚಿನ ಮೇಲಿದ್ದ ಹುಡುಗಿ, "ಅತ್ತೆ, ನನ್ನನ್ನ ವಾಪಸ್ ತವರಿಗೇ ಕಳಿಸ್ತಿದೀರಲ್ಲ!" ಎಂದು ಕೂಗಿದಳು. ಬೆಲ್ಟನ್ನು ಒಂದು ಸುತ್ತು ತಿರುಚಿ ಹಾಕಿದ ಮೇಲೆ ಸರಿಹೋಯಿತು.

ಪ್ರದರ್ಶನದ ಸಂಜೆ ಅವರು ನನ್ನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡರು.

"ನೀವಿಲ್ಲಿದ್ರೆ ನನ್ನ ಕಾಲೂ ನಡುಗುತ್ತೆ. ಮುಂದೆ ಹೋಗಿ ಕೂತ್ಕೊಳ್ಳಿ."

"ಸ್ಪೀಡು ಯಾರು ಹೇಳ್ತಾರೆ?"

"ಕಾಲರ್ ಹೊಲಿಯೋವಾಗ ಯಾರು ಹೇಳ್ತಾರೆ?"

ಗೊಣಗುತ್ತಾ ಹೋದರು. ಅಷ್ಟು ಕಾಲ ರೈಲು ಓಡಿಸಿದವರು ಒಂದು ಸಲವೂ ಅದನ್ನು ಎದುರಿನಿಂದ ನೋಡಿರಲಿಲ್ಲ.

ಚಕ್ರವನ್ನು ಕೈಯಿಂದ ಒಮ್ಮೆ ತಳ್ಳಿ ತುಳಿದೆ. ಹೊರಡುವಾಗ ದಪ್ಪ ಬಟ್ಟೆಯ ಮೇಲೆ ಸೂಜಿ ಹೋಗುವ ಹಾಗೆ, ನಿಧಾನ. ಆಮೇಲೆ ಪರದೆಯ ಅಂಚು ಹೊಲಿದ ಹಾಗೆ, ನೇರ. ಯಾರೂ ನಗಲಿಲ್ಲ. ಕತ್ತಲಲ್ಲಿ ಯಾರೋ ಮೂಗೆಳೆದುಕೊಂಡರು.

ಜನವೆಲ್ಲ ಹೊರಟರೂ ಅವರು ಕುರ್ಚಿಯಲ್ಲೇ ಇದ್ದರು. ಹತ್ತಿರ ಹೋದೆ.

"ಏನ್ರೀ, ಇಳಿಯಲ್ವಾ?"

"ಇಷ್ಟು ಚೆನ್ನಾಗಿತ್ತೇನೇ ಇದು?" ಎಂದರು. "ಒಬ್ರೂ ಹೇಳ್ಲಿಲ್ವಲ್ಲ."

"ಎಲ್ರೂ ಹೇಳಿದ್ರು. ನೀವು ನಂಬಲಿಲ್ಲ."

ಅಲ್ಲಿಂದ ಕೊನೆಯವರೆಗೂ ಒಂದು ಪ್ರದರ್ಶನವನ್ನೂ ತಪ್ಪಿಸಲಿಲ್ಲ. ಅದೇ ಕುರ್ಚಿಯಲ್ಲಿ ಕೂತು ತಮ್ಮ ರೈಲು ನೋಡಿದರು. ನೋಡಿ ಬಂದ ದಿನ ಹೊಟ್ಟೆ ತುಂಬಾ ಉಣ್ಣುತ್ತಿದ್ದರು.

ನಾಟಕ ಇನ್ನೂ ನಡೆಯುತ್ತಿದೆ. ತುಳಿಯುವವಳು ನಾನೇ. ಆ ಕುರ್ಚಿಯಲ್ಲಿ ಈಗ ಯಾರು ಕೂರುತ್ತಾರೋ, ನಾನು ನೋಡುವುದಿಲ್ಲ. ತುಳಿಯುವಾಗ ಕಣ್ಣು ಡಬ್ಬದ ಮೇಲಿರಬೇಕು.